ಕಡಿಮೆಯೆಂಬ ಸಮಾಧಾನ

ನಮ್ಮ ಭಾಷೆಯಲ್ಲಿ 'ಕಡಿಮೆ' ಎಂಬುದು ಬಹಳ ವಿಚಿತ್ರವಾದ ಮಾತು. ಜ್ವರ ಕಡಿಮೆಯಾಯಿತು ಎಂದರೆ ಮನೆಮಂದಿಗೆಲ್ಲ ಹಾಯೆನಿಸುತ್ತದೆ. ಮಳೆ ಕಡಿಮೆಯಾಯಿತು ಎಂದರೆ ಜುಲೈ ತಿಂಗಳಲ್ಲಿ ಎದೆ ಧಸಕ್ಕೆನ್ನುತ್ತದೆ. ಅಡಿಕೆ ಒಣಗಿಸುವ ಹೊತ್ತಿನಲ್ಲಿ ಅದೇ ಮಾತು ಸಂತೋಷ ತರುತ್ತದೆ. ಮಗನಿಗೆ ಅಂಕ ಕಡಿಮೆ ಬಂದರೆ ಶಾಲೆಯ ಬಾಗಿಲಿಗೆ ಬರುವ ತಂದೆ, ಬಡ್ಡಿ ಕಡಿಮೆಯಾದರೆ ಬ್ಯಾಂಕಿನ ಬಾಗಿಲಲ್ಲಿ ಕೈ ಮುಗಿಯುತ್ತಾನೆ. ಮಾತು ಒಂದೇ. ಆದರೆ ಯಾವುದು ಕಡಿಮೆ, ಯಾರಿಗೆ ಕಡಿಮೆ, ಏಕೆ ಕಡಿಮೆ ಎಂಬ ಮೂರು ಪ್ರಶ್ನೆ ಕೇಳದೆ ಅದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಾಲ್ಕನೆಯ ತರಗತಿಯ ಮಗುವಿಗೂ ಅರ್ಥವಾಗುವ ಈ ಸಂಗತಿಯನ್ನು ನಾವು ದೊಡ್ಡವರು ಮರೆತುಬಿಡುವ ಜಾಗವೊಂದಿದೆ. ಅದು ರಕ್ತಪರೀಕ್ಷೆಯ ವರದಿ.

ಐವತ್ತು ದಾಟಿದ ಇಬ್ಬರು ಎಲ್ಲಿ ಸೇರಿದರೂ ಈಗ ಮಾತು ಮಕ್ಕಳ ಮದುವೆಯಿಂದ ಆರಂಭವಾಗಿ ಕೊಲೆಸ್ಟರಾಲಿನಲ್ಲಿ ಮುಗಿಯುತ್ತದೆ. ಏಕಾದಶಿಯ ದಿನವೂ ತಿಂಡಿ ಬಿಡದವರು ರಾತ್ರಿ ಬೇಗ ಉಂಡು, ಹನ್ನೆರಡು ಗಂಟೆ ಉಪವಾಸವಿದ್ದು, ಬೆಳಗ್ಗೆ ಹೋಗಿ ಭಕ್ತಿಯಿಂದ ರಕ್ತ ಕೊಟ್ಟು ಬರುತ್ತಾರೆ. ಸಂಜೆ ಒಂದು ಕಾಗದ ಬರುತ್ತದೆ. ಅದರಲ್ಲಿ ಒಟ್ಟು ಕೊಲೆಸ್ಟರಾಲ್, ಟ್ರೈಗ್ಲಿಸರೈಡ್, 'ಒಳ್ಳೆಯದು' ಎನಿಸಿಕೊಂಡ ಎಚ್.ಡಿ.ಎಲ್., 'ಕೆಟ್ಟದ್ದು' ಎನಿಸಿಕೊಂಡ ಎಲ್.ಡಿ.ಎಲ್. ಎಂದು ಸಾಲಾಗಿ ಅಂಕಿಗಳು. ಪಕ್ಕದಲ್ಲಿ ಇರಬೇಕಾದ ಮಿತಿ. ಒಟ್ಟು ಕೊಲೆಸ್ಟರಾಲ್ 200 ಮಿಲಿಗ್ರಾಂ ಒಳಗಿದ್ದರೆ ಚೆನ್ನ ಎಂದು ಮುದ್ರಿಸಿರುತ್ತಾರೆ. ಗಮನಿಸಿ ನೋಡಿ, ಸಾಮಾನ್ಯವಾಗಿ ಆ ಸಾಲಿಗೆ ಮೇಲುಗಡೆ ಮಾತ್ರ ಬೇಲಿ, ಕೆಳಗಡೆ ಬೇಲಿಯಿಲ್ಲ. 201 ಬಂದರೆ ಕಾಗದ ಎಚ್ಚರಿಸುತ್ತದೆ. 120 ಬಂದರೆ ಸುಮ್ಮನಿರುತ್ತದೆ. ಕಾಗದ ಸುಮ್ಮನಿದ್ದರೆ ನಾವು ಹಬ್ಬ ಮಾಡುತ್ತೇವೆ.

ಈ ಮಿತಿಯನ್ನು ಹಾಕಿದವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರು ಯೋಚಿಸಿದ್ದು ಹೃದಯದ ಬಗ್ಗೆ. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವ ಅಪಾಯಕ್ಕೆ ಅದು ಸರಿಯಾದ ಬೇಲಿಯೇ. ಆದರೆ ಕೊಲೆಸ್ಟರಾಲ್ ಎಂಬುದು ಹೃದಯಕ್ಕೆ ಕೇಡು ಮಾಡಲೆಂದೇ ಹುಟ್ಟಿದ ರಾಕ್ಷಸನಲ್ಲ. ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಪೊರೆಯನ್ನು ಕಟ್ಟುವುದಕ್ಕೆ ಅದು ಬೇಕು. ಪಿತ್ತರಸಕ್ಕೆ, ಹಲವು ಹಾರ್ಮೋನುಗಳಿಗೆ, ಡಿ ವಿಟಮಿನ್ನಿಗೆ ಅದೇ ಮೂಲದ್ರವ್ಯ. ಅದರ ಹೆಚ್ಚಿನ ಪಾಲನ್ನು ನಾವು ತಿಂದು ತರುವುದಿಲ್ಲ. ನಮ್ಮ ಯಕೃತ್ತೇ, ಮೈಯ ಇತರ ಕೋಶಗಳೇ ತಯಾರಿಸಿಕೊಳ್ಳುತ್ತವೆ. ಅಂದರೆ ಅದು ಮನೆಯ ಕಣಜದಲ್ಲಿರುವ ಭತ್ತದ ಹಾಗೆ. ಅತಿಯಾದರೆ ಹುಳ ಬೀಳುತ್ತದೆ. ಆದರೆ ಕಣಜ ಬರಿದಾಗುತ್ತಿದೆ ಎಂದು ಯಾವ ಗೃಹಿಣಿಯೂ ಕುಣಿದಾಡುವುದಿಲ್ಲ. ಈ ಸಲ ಬೆಳೆಯೇ ಕಡಿಮೆಯೋ, ಮನೆಯಲ್ಲಿ ಉಣ್ಣುವವರು ಹೆಚ್ಚಾದರೋ, ಹಿತ್ತಿಲ ಬಾಗಿಲಿನಿಂದ ಯಾರಾದರೂ ಹೊತ್ತೊಯ್ಯುತ್ತಿದ್ದಾರೋ ಎಂದು ವಿಚಾರಿಸುತ್ತಾಳೆ.

ಬಾಯಿಯ ಕ್ಯಾನ್ಸರ್ ಬಂದವರ ರಕ್ತದಲ್ಲಿ ವೈದ್ಯರು ಕಂಡದ್ದು ಇಂಥದೇ ಒಂದು ಬರಿದಾಗುತ್ತಿರುವ ಕಣಜವನ್ನು. 2004ರಲ್ಲಿ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 'ಇಂಡಿಯನ್ ಜರ್ನಲ್ ಆಫ್ ಕ್ಯಾನ್ಸರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದವರನ್ನು, ಬಾಯಲ್ಲಿ ಕ್ಯಾನ್ಸರಿಗೆ ಮುಂಚಿನ ಲಕ್ಷಣಗಳಿದ್ದವರನ್ನು, ಆರೋಗ್ಯವಂತರ ಜೊತೆ ಹೋಲಿಸಿ ನೋಡಿದಾಗ ಮೊದಲ ಎರಡು ಗುಂಪುಗಳಲ್ಲಿ ಒಟ್ಟು ಕೊಲೆಸ್ಟರಾಲೂ ಕಡಿಮೆಯಿತ್ತು, ಎಚ್.ಡಿ.ಎಲ್. ಕೂಡ ಕಡಿಮೆಯಿತ್ತು. ನಮ್ಮ ದೇಶದ ಬೇರೆ ಆಸ್ಪತ್ರೆಗಳಿಂದಲೂ ಇಂಥ ಅಧ್ಯಯನಗಳು ಬಂದಿವೆ. ಟ್ರೈಗ್ಲಿಸರೈಡ್ ವಿಷಯದಲ್ಲಿ ಎಲ್ಲವೂ ಒಂದೇ ರಾಗ ಹಾಡುವುದಿಲ್ಲವಾದರೂ ಕೊಲೆಸ್ಟರಾಲ್ ಇಳಿದಿರುತ್ತದೆ ಎಂಬ ಮಾತು ಮತ್ತೆ ಮತ್ತೆ ಕೇಳಿಬಂದಿದೆ. ಕಾರಣವೇನು? ಬೇಗ ಬೇಗ ಹೆಚ್ಚುವ ರೋಗದ ಕೋಶಗಳು ಹೊಸ ಪೊರೆ ಕಟ್ಟಿಕೊಳ್ಳಲು ರಕ್ತದಿಂದ ಕೊಬ್ಬನ್ನು ಎಳೆದುಕೊಳ್ಳುತ್ತಿರಬಹುದು ಎಂಬುದು ಒಂದು ವಿವರಣೆ. ಬಾಯಿ ನೋಯುವವನು ಉಣ್ಣುವುದೇ ಕಡಿಮೆ ಎಂಬುದು ಇನ್ನೊಂದು. ತಂಬಾಕಿನ ಚಟ ರಕ್ತದ ಕೊಬ್ಬನ್ನು ಏರುಪೇರು ಮಾಡುತ್ತದೆ ಎಂಬುದು ಮತ್ತೊಂದು. ಒಬ್ಬನೇ ಮನುಷ್ಯನಲ್ಲಿ ಮೂರೂ ಕೂಡಿರಬಹುದು.

ಇಲ್ಲಿ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ. ಎರಡು ಸಂಗತಿಗಳು ಜೊತೆಯಲ್ಲಿ ಕಂಡರೆ ಯಾವುದು ಯಾವುದಕ್ಕೆ ಕಾರಣ? ಗೌತಮರ ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆಯೆಂದು ಹೇಳುತ್ತದೆ. ಅದರಲ್ಲಿ 'ಶೇಷವತ್' ಎಂಬುದನ್ನು ಕಾರ್ಯ ಕಂಡು ಕಾರಣವನ್ನು ಊಹಿಸುವುದು ಎಂದು ವಿವರಿಸುತ್ತಾರೆ. ಹೊಳೆ ತುಂಬಿ ಬಂದದ್ದನ್ನು ನೋಡಿ ಮೇಲೆಲ್ಲೋ ಮಳೆಯಾಗಿದೆ ಎನ್ನುತ್ತೇವಲ್ಲ, ಹಾಗೆ. ಅದೇ ಗ್ರಂಥ ಮುಂದೆ ಒಂದು ಆಕ್ಷೇಪವನ್ನೂ ಎತ್ತುತ್ತದೆ: ಕೆಳಗೆ ಯಾರೋ ಕಟ್ಟೆ ಹಾಕಿ ತಡೆದರೂ ಹೊಳೆ ತುಂಬೀತು, ಆಗ ನಿನ್ನ ಊಹೆ ಏನಾಯಿತು? ಅದಕ್ಕೆ ಭಾಷ್ಯಕಾರರು ಕೊಡುವ ಉತ್ತರ ನನಗೆ ಬಹಳ ಹಿಡಿಸಿದ್ದು. ನೀರು ತುಂಬಿದ್ದಷ್ಟನ್ನೇ ನೋಡಬೇಡ. ಹರಿವಿನ ರಭಸ ನೋಡು, ನೊರೆ ನೋಡು, ತೇಲಿ ಬರುತ್ತಿರುವ ಎಲೆ, ಕಾಯಿ, ಕಟ್ಟಿಗೆ ನೋಡು. ಆಮೇಲೆ ಮಳೆಯಾಯಿತೆಂದು ಹೇಳು. ಒಂದು ಗುರುತು ಒಂಟಿಯಾಗಿ ಏನನ್ನೂ ಹೇಳುವುದಿಲ್ಲ, ಅದರ ಜೊತೆಯವರನ್ನು ಕೂಡಿಸಿ ಕೇಳಬೇಕು ಎಂದಾಯಿತು.

ಪಶ್ಚಿಮದ ವಿಜ್ಞಾನಿಗಳೂ ಈ ಹೊಳೆಯ ದಡದಲ್ಲಿ ಬಹಳ ಕಾಲ ನಿಂತಿದ್ದರು. 1974ರಲ್ಲಿ ಬ್ರಿಟನ್ನಿನ ಜೆಫ್ರಿ ರೋಸ್ ಮತ್ತು ಅವರ ಸಂಗಡಿಗರು ದೊಡ್ಡ ಕರುಳಿನ ಕ್ಯಾನ್ಸರ್ ಬಂದ ಗಂಡಸರಲ್ಲಿ ಕೊಲೆಸ್ಟರಾಲ್ ಎಣಿಸಿದ್ದಕ್ಕಿಂತ ಕಡಿಮೆ ಇದ್ದುದನ್ನು ಬರೆದರು. ಹಾಗಾದರೆ ಕೊಲೆಸ್ಟರಾಲ್ ಇಳಿಸಿದರೆ ಕ್ಯಾನ್ಸರ್ ಬರುತ್ತದೆಯೇ ಎಂಬ ಭಯ ಹುಟ್ಟಿತು. ಅಥವಾ ಇನ್ನೂ ಕಣ್ಣಿಗೆ ಕಾಣದ ರೋಗವೇ ಒಳಗಿಂದ ಅದನ್ನು ಇಳಿಸುತ್ತಿದೆಯೇ? 1986ರಲ್ಲಿ ಮಾರ್ಟೈನ್ ಕಟಾನ್ ಎಂಬ ಡಚ್ ವಿಜ್ಞಾನಿ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದು ಜಾಣತನದ ಉಪಾಯ ಸೂಚಿಸಿದರು. ಕೆಲವರಿಗೆ ಹುಟ್ಟಿನಿಂದಲೇ, ವಂಶದ ಗುಣದಿಂದಲೇ ಕೊಲೆಸ್ಟರಾಲ್ ಕಡಿಮೆ. ಅವರಲ್ಲಿ ರೋಗ ಅದನ್ನು ಇಳಿಸಿದ್ದಲ್ಲ, ಏಕೆಂದರೆ ಅವರು ತೊಟ್ಟಿಲಲ್ಲಿದ್ದಾಗಲೇ ಅದು ಹಾಗಿತ್ತು. ಕಡಿಮೆ ಕೊಲೆಸ್ಟರಾಲೇ ಕ್ಯಾನ್ಸರಿಗೆ ಕಾರಣವಾದರೆ ಅಂಥವರಿಗೆ ರೋಗ ಹೆಚ್ಚು ಬರಬೇಕು. ಮುಂದೆ ಹಾಗೆ ಹುಡುಕಿದವರಿಗೆ ಅದು ಕಾಣಲಿಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ 27 ಪ್ರಯೋಗಗಳನ್ನು, ಸುಮಾರು 1,75,000 ಜನರ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕವೂ ಮಾತ್ರೆಯಿಂದ ಕ್ಯಾನ್ಸರ್ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ ಎಂದಿತು. ಆದ್ದರಿಂದ ನನ್ನ ಈ ಬರಹ ಓದಿ ಯಾರೂ ಮಾತ್ರೆ ಬಿಡಬೇಕಾಗಿಲ್ಲ. ತುಪ್ಪ ಸುರಿದುಕೊಂಡರೆ ಬಾಯಿ ಹುಣ್ಣು ವಾಸಿಯಾಗುತ್ತದೆ ಎಂದೂ ತಿಳಿಯಬೇಕಾಗಿಲ್ಲ. ಕೊಲೆಸ್ಟರಾಲ್ ಕಡಿಮೆ ಇರುವ ಎಷ್ಟೋ ಮಂದಿ ಗಟ್ಟಿಮುಟ್ಟಾಗಿ ಗದ್ದೆ ಉಳುತ್ತಿದ್ದಾರೆ. ಈ ಅಂಕಿ ಬಾಯಿಯ ಕ್ಯಾನ್ಸರನ್ನು ಪತ್ತೆ ಮಾಡುವ ಪರೀಕ್ಷೆಯಲ್ಲ. ಹೆದರುವುದಕ್ಕೆ ಅದು ಸಾಲದು. ನನ್ನ ಮಾತು ಇಷ್ಟೇ, ನಿಶ್ಚಿಂತರಾಗುವುದಕ್ಕೂ ಅದು ಸಾಲದು.

ಈ ವಿಚಾರ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ಸೋದರಮಾವ ಸಾಗರದ ಕಡೆಯವರು. ಮೂರೆಕರೆ ಅಡಿಕೆ ತೋಟ, ಮನೆ ತುಂಬ ಬಂದು ಹೋಗುವ ಜನ. ಕವಳದ ಸಂಚಿ ಬಿಟ್ಟು ಅವರನ್ನು ನಾವು ಕಂಡದ್ದೇ ಇಲ್ಲ. ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಎಸಳು ತಂಬಾಕು. 2016ರಲ್ಲಿ ಅವರಿಗೆ ಅರವತ್ತೊಂದು. ಪೇಟೆಯಲ್ಲಿ ನಡೆದ ಆರೋಗ್ಯ ತಪಾಸಣೆ ಶಿಬಿರದಲ್ಲಿ ರಕ್ತ ಕೊಟ್ಟರು. ಕೊಲೆಸ್ಟರಾಲ್ 128 ಬಂತು. ಆ ಕಾಗದವನ್ನು ಅವರು ಅಂಗಿಯ ಕಿಸೆಯಲ್ಲಿ ಮಡಿಸಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದರು. ಮದುವೆ ಮನೆಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ಓರಗೆಯವರು ಮಾತ್ರೆಯ ಹೆಸರು ಹೇಳತೊಡಗಿದ ಕೂಡಲೇ ಕಾಗದ ಹೊರಗೆ ಬರುತ್ತಿತ್ತು. "ಕವಳ ಬಿಡು ಬಿಡು ಅಂತಿದ್ದಿರಲ್ಲ, ನೋಡಿ" ಎನ್ನುತ್ತಿದ್ದರು. ಎಲ್ಲರೂ ಭಲೆ ಎಂದರು.

ಒಬ್ಬರು ಮಾತ್ರ ಭಲೆ ಎನ್ನಲಿಲ್ಲ. ನನ್ನ ಅತ್ತೆ, ಅವರ ಹೆಂಡತಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಊಟಕ್ಕೆ ಬಡಿಸುವವರ ಕಣ್ಣಿಗೆ ಕಾಣುವಷ್ಟು ಯಾವ ಯಂತ್ರಕ್ಕೂ ಕಾಣುವುದಿಲ್ಲ. ಎರಡು ಲೋಟ ಅಪ್ಪೆಹುಳಿ ಕುಡಿದು ಏಳುತ್ತಿದ್ದ ಮನುಷ್ಯ 'ಉರಿ' ಎಂದು ಅದನ್ನು ಮುಟ್ಟದಾಗಿದ್ದರು. ದೋಸೆಯನ್ನು ಚೂರು ಚೂರು ಮಾಡಿ ಬಾಯಿಯ ಒಂದೇ ಬದಿಗೆ ಇಟ್ಟುಕೊಳ್ಳುತ್ತಿದ್ದರು. ಆಕಳಿಸುವಾಗ ಬಾಯಿ ಮೊದಲಿನಷ್ಟು ತೆರೆಯುತ್ತಿರಲಿಲ್ಲ. ಅಂಗಿ ಸಡಿಲವಾಗಿತ್ತು. ಅತ್ತೆ ಕೇಳಿದರು, "ಬಾಯಿ ಯಾಕೆ ಅಷ್ಟೇ ತೆಗೆಯುತ್ತೀರಿ? ಒಮ್ಮೆ ಡಾಕ್ಟರಿಗೆ ತೋರಿಸಬಾರದೇ?" ಮಾವ ಉತ್ತರ ಕೊಡಲಿಲ್ಲ, ಕಿಸೆಯಿಂದ ಕಾಗದ ತೆಗೆದು ಮುಂದೆ ಹಿಡಿದರು. ಇಂಗ್ಲಿಷಿನಲ್ಲಿ ಅಚ್ಚಾದ ಆ ಕಾಗದದ ಮುಂದೆ ಅತ್ತೆ ಸುಮ್ಮನಾದರು. ಎರಡನೆಯ ಸಲ ಕೇಳಿದಾಗ ಮಕ್ಕಳೂ ತಂದೆಯ ಪಕ್ಷವನ್ನೇ ವಹಿಸಿದರು. "ಅಮ್ಮಾ, ರಿಪೋರ್ಟ್ ಸರಿಯಿದೆಯಲ್ಲ!"

ಏಳು ತಿಂಗಳ ಮೇಲೆ ಹಲ್ಲುನೋವೆಂದು ಹೋದಾಗ ದಂತವೈದ್ಯರು ದೀಪ ಹಿಡಿದು ನೋಡಿದರು. ಕೆನ್ನೆಯ ಒಳಗೆ, ಕವಳ ಇಡುತ್ತಿದ್ದ ಜಾಗದಲ್ಲೇ ಹುಣ್ಣಿತ್ತು. ದವಡೆಯ ಒಂದು ಭಾಗ ತೆಗೆಯಬೇಕಾಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ನಾನು ಆಸ್ಪತ್ರೆಗೆ ಹೋಗಿದ್ದೆ. ಅತ್ತೆ ಡಾಕ್ಟರನ್ನು ಕೇಳಿದ ಒಂದೇ ಪ್ರಶ್ನೆ, "ಇವರ ಕೊಲೆಸ್ಟರಾಲ್ ಒಳ್ಳೆಯದಿತ್ತಲ್ಲ?" ಆ ತರುಣ ಡಾಕ್ಟರು ತಾಳ್ಮೆಯಿಂದ ಹೇಳಿದರು: ಅದು ಈ ರೋಗದ ಪರೀಕ್ಷೆಯಲ್ಲ ಅಮ್ಮಾ, ಈ ರೋಗ ಇರುವ ಎಷ್ಟೋ ಜನರಿಗೆ ಅದು ಕಡಿಮೆಯೇ ಇರುತ್ತದೆ, ಇವರಿಗೆ ರೋಗದಿಂದ ಇಳಿದಿತ್ತೋ, ಊಟ ಸೇರದೆ ಇಳಿದಿತ್ತೋ, ಮೊದಲಿಂದಲೂ ಅಷ್ಟೇ ಇತ್ತೋ ಈಗ ಹೇಳಲಾಗದು. ಮಾವ ಮತ್ತೆರಡು ವರ್ಷ ಇದ್ದರು. 2019ರಲ್ಲಿ ತೀರಿಕೊಂಡರು.

ಆ 128 ಸುಳ್ಳಾಗಿರಲಿಲ್ಲ. ಶಿಬಿರದವರು ಸರಿಯಾಗಿಯೇ ಅಳೆದಿದ್ದರು. ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ ಬೇರೆ. ಒಂದು ಮನೆಯಲ್ಲಿ ಎರಡು ಸಾಕ್ಷಿಗಳಿದ್ದವು. ಒಂದು ಕಾಗದ, ಅದು ಆ ಮನುಷ್ಯನನ್ನು ಒಂದು ಬೆಳಗ್ಗೆ ಒಂದು ನಿಮಿಷ ಮಾತ್ರ ಕಂಡಿತ್ತು. ಇನ್ನೊಂದು ಹೆಂಗಸು, ಅವರು ಮೂವತ್ತಾರು ವರ್ಷ ದಿನಕ್ಕೆ ಮೂರು ಸಲ ಅವರೆದುರು ನಿಂತು ಬಡಿಸಿದ್ದರು. ನಾವು ಯಾರ ಸಾಕ್ಷಿಯನ್ನು ಒಪ್ಪಿಕೊಂಡೆವು? ಕಾಗದವನ್ನು ಒಪ್ಪಿದ್ದು ಅದು ವಿಜ್ಞಾನವೆಂಬ ಗೌರವದಿಂದಲ್ಲ. ಅದು ನಮಗೆ ಬೇಕಾದ ಮಾತನ್ನು ಹೇಳಿತ್ತು, ಅದಕ್ಕೆ. ವಿಜ್ಞಾನದ ಮೇಲೆ ಅಷ್ಟು ಗೌರವವಿದ್ದಿದ್ದರೆ ತಂಬಾಕಿನ ಬಗ್ಗೆ ಅದು ಹೇಳಿದ್ದನ್ನೂ ಕೇಳಬೇಕಿತ್ತಲ್ಲ! ಹೆದರಿಸುವ ಅಂಕಿ ಬಂದರೆ ನಾವು ಎರಡನೆಯ ಲ್ಯಾಬಿಗೆ ಹೋಗುತ್ತೇವೆ, ಮೂರನೆಯ ಡಾಕ್ಟರನ್ನು ಕೇಳುತ್ತೇವೆ. ಸಂತೋಷದ ಅಂಕಿಯನ್ನು ಯಾರೂ ಎರಡನೆಯ ಸಲ ಪರೀಕ್ಷಿಸುವುದಿಲ್ಲ. ಇದು ಬುದ್ಧಿಯ ದೋಷವಲ್ಲ, ನೀತಿಯ ದೋಷ ಎಂದೇ ನನಗನಿಸುತ್ತದೆ. ನಮ್ಮ ಪರವಾಗಿ ಸಾಕ್ಷಿ ಹೇಳುವವನನ್ನು ಪಾಟೀಸವಾಲು ಮಾಡದೆ ಕಳಿಸುವ ನ್ಯಾಯಾಧೀಶನಂತೆ ನಡೆದುಕೊಳ್ಳುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿಯಾಗಿದ್ದವರು ಒಂದು ಮಾತು ಹೇಳುತ್ತಿದ್ದರು. ಗಲಾಟೆ ಮಾಡುವ ಹುಡುಗನನ್ನು ಎಲ್ಲರೂ ವಿಚಾರಿಸುತ್ತಾರೆ. ಗಲಾಟೆ ಕಡಿಮೆಯಾದ ಹುಡುಗನನ್ನು ಟೀಚರಾದವಳು ವಿಚಾರಿಸಬೇಕು. ತರಗತಿ ಶಾಂತವಾಯಿತೆಂದು ನಾವು ನೆಮ್ಮದಿಯಾಗಿರುತ್ತೇವೆ. ಆ ಹುಡುಗ ಮನೆಯಲ್ಲಿ ಉಣ್ಣದೆ ಬಂದಿರಬಹುದು, ಕಿವಿನೋವಿರಬಹುದು, ತಂದೆ ಮನೆ ಬಿಟ್ಟು ಹೋಗಿರಬಹುದು. ಮೂವತ್ತು ವರ್ಷ ಹಾಜರಿ ಪುಸ್ತಕ, ಅಂಕಪಟ್ಟಿಗಳ ನಡುವೆ ಬದುಕಿದ ಮೇಲೆ ನಾನು ಅಂಕಿಗಳ ವಿರೋಧಿಯಾಗಿಲ್ಲ. ಅಂಕಿ ಬೇಕು. ಆದರೆ ಅಂಕಿ ಮಾತು ಆರಂಭಿಸುವುದಕ್ಕೆ ಬೇಕು, ಬಾಯಿ ಮುಚ್ಚಿಸುವುದಕ್ಕಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನಮ್ಮ ಗಾದೆ ಕೇಳುತ್ತದೆ. ಬೇಡ. ಬಾಯಿಯೊಳಗಿನ ಹುಣ್ಣಿಗೆ ಮಾತ್ರ ಕನ್ನಡಿ ಬೇಕು, ಕನ್ನಡಿಗಿಂತ ಹೆಚ್ಚಾಗಿ ಇನ್ನೊಬ್ಬರ ಕಣ್ಣು ಬೇಕು. ಈ ರೋಗ ಹೊಟ್ಟೆಯೊಳಗೋ ಮಿದುಳಿನೊಳಗೋ ಅಡಗಿ ಕೂರುವುದಲ್ಲ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ದಿನೇ ದಿನೇ ಬಿಗಿಯುವ ಬಾಯಿ, ಇವೆಲ್ಲ ಒಂದು ಬ್ಯಾಟರಿ ಬೆಳಕಿಗೆ ಸಿಕ್ಕುವ ಗುರುತುಗಳು. ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯತಿ ಭಾಗಗಳಲ್ಲಿ 1996ರಲ್ಲಿ ಆರಂಭವಾದ ಒಂದು ದೊಡ್ಡ ಪ್ರಯೋಗದಲ್ಲಿ ಮಾಡಿದ್ದು ಇಷ್ಟನ್ನೇ. ಡಾಕ್ಟರರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. 2005ರಲ್ಲಿ ಫಲಿತಾಂಶ 'ಲ್ಯಾನ್ಸೆಟ್'ನಲ್ಲಿ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸಾಯುವುದು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಇಂಥ ಕಡಿಮೆಗೆ ಹಬ್ಬ ಮಾಡಬಹುದು.

ಇನ್ನೊಂದು ಗಾದೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರಲ್ಲ, ಅದನ್ನು ಆರೋಗ್ಯವಾಗಿರುವವನು ತನಗೆ ತಾನೇ ಹೇಳಿಕೊಂಡರೆ ಒಳ್ಳೆಯದು. ರೋಗಿಯ ಮಂಚದ ಪಕ್ಕ ನಿಂತು ಹೇಳಿದರೆ ಅದು ಕ್ರೌರ್ಯ. ಮಾವ ಮಲಗಿದ್ದಾಗ ನೋಡಲು ಬಂದ ಎಷ್ಟೋ ಜನ "ತಿಂದದ್ದಕ್ಕೆ ಅನುಭವಿಸಬೇಕಲ್ಲ" ಎಂದರು. ಆ ಜನರಲ್ಲಿ ಅವರ ಕವಳದ ತಟ್ಟೆಗೆ ಕೈ ಹಾಕದವರು ಯಾರೂ ಇರಲಿಲ್ಲ. ತಂಬಾಕು ಸೇರದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ಗ್ರಂಥದಲ್ಲಿ ಹೇಳಿತು. ಅಡಿಕೆಯ ದುಡ್ಡಿನಲ್ಲೇ ಬಿ.ಎ. ಓದಿ, ಅಡಿಕೆಯ ದುಡ್ಡಿನಲ್ಲಿ ಕಟ್ಟಿದ ಶಾಲೆಯಲ್ಲಿ ಪಾಠ ಹೇಳಿದ ನನಗೆ ಈ ಮಾತನ್ನು ಬರೆಯುವುದು ಸುಲಭವಲ್ಲ. ತೋಟವನ್ನೇ ನಂಬಿದ ಸಂಸಾರಗಳ ಕಷ್ಟ ನನಗೆ ಗೊತ್ತು. ಆದರೆ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ 1,40,000ಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬಂದಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು 2003ರಷ್ಟು ಹಳೆಯದು. ಇಷ್ಟಾದರೂ ಎಂಟನೆಯ ತರಗತಿಯ ಹುಡುಗನ ಚೀಲದಲ್ಲಿ ಚೀಟಿ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ತಟ್ಟೆ ಮುಂದಿಟ್ಟ ಸಮಾಜ ರೋಗ ಬಂದ ಮೇಲೆ ಒಬ್ಬನನ್ನೇ ಬೆರಳಿಟ್ಟು ತೋರಿಸುವುದು ನ್ಯಾಯವಲ್ಲ.

ರೋಗಿಗೆ ನಾವು ಕೊಡಬೇಕಾದದ್ದು ತೀರ್ಪಲ್ಲ, ಗಮನ. ಅದಕ್ಕೆ ಖರ್ಚಿಲ್ಲ, ಉಪವಾಸವೂ ಬೇಕಿಲ್ಲ. ಕನ್ನಡದವರಾದ ನಾವು ದಾರಿಯಲ್ಲಿ ಸಿಕ್ಕವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುತ್ತೇವೆ. ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತೇವೆ. ಒಂದು ದಿನ ನಿಂತು ಉತ್ತರ ಕೇಳಿ ನೋಡಿ. ಏನು ಉಂಡಿರಿ, ಖಾರ ಸೇರುತ್ತದೆಯೇ, ಅಗಿಯಲು ಬರುತ್ತದೆಯೇ, ಊಟ ಮೊದಲಿನಂತಿಲ್ಲ ಎಂದು ಮನೆಯವರು ಹೇಳುತ್ತಿದ್ದಾರೆಯೇ ಎಂದು ವಿಚಾರಿಸಿ. ಮನೆಯವರು ಹೇಳುತ್ತಿದ್ದರೆ, ಕಿಸೆಯಲ್ಲಿ ಎಷ್ಟು ಚೆಂದದ ಕಾಗದವಿದ್ದರೂ ಸರಿ, ಅವರನ್ನು ಕೈಹಿಡಿದು ಬಾಯಿ ನೋಡುವ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ.